ಕರುಳನ್ನು ಹೊರಗಿನಿಂದಲೇ ನೋಡುವ ಪರೀಕ್ಷೆ: ವರ್ಚುವಲ್ ಕೊಲೊನೊಸ್ಕೊಪಿ



ಕಾಫಿಯ ಬಿಳಿ ಕಾಂಡಕೊರಕದ ಬಗೆಗೆ ನಮ್ಮ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಿರುವಾಗ ಗಿಡ ಹೊರನೋಟಕ್ಕೆ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಗಿಡ ಕೈತಪ್ಪಿರುತ್ತದೆ. ಆದುದರಿಂದಲೇ ತಿಳಿದ ಬೆಳೆಗಾರನು ಗಿಡ ಬಾಡುವವರೆಗೆ ಕಾಯದೆ, ತೊಗಟೆಯ ಮೇಲಿನ ಉಬ್ಬು ಗೆರೆಗಳನ್ನು ಹುಡುಕಿಸುತ್ತಾನೆ. ಈ ಸಂಚಿಕೆಯಲ್ಲಿ ಗಿಡದ ವಿಚಾರವನ್ನು ಬದಿಗಿಟ್ಟು, ಅದೇ ರೀತಿ ಸದ್ದಿಲ್ಲದೆ ಮನುಷ್ಯನ ದೊಡ್ಡ ಕರುಳಿನಲ್ಲಿ ಬೆಳೆಯುವ ಒಂದು ಕೇಡನ್ನೂ, ಅದನ್ನು ಹುಡುಕುವ ಒಂದು ಪರೀಕ್ಷೆಯನ್ನೂ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ನಮ್ಮ ಮನೆಯವರ ಜೊತೆಗೆ ಆಸ್ಪತ್ರೆಗೆ ಓಡಾಡಿ ನೋಡಿದ್ದನ್ನೂ, ವೈದ್ಯರಿಂದ ಕೇಳಿ ತಿಳಿದದ್ದನ್ನೂ ಹೇಳುತ್ತೇನೆ, ಅಷ್ಟೆ.

ಮುಡಬಿಯ ಒಂದು ಮನೆಯ ಕಥೆ

ಕಾಫಿ ಗೋದಾಮಿನ ಕೆಲಸಕ್ಕೆಂದು ನಾನು ಮಲೆನಾಡಿಗೆ ಬಂದದ್ದು 1998ರಲ್ಲಿ. ಹುಟ್ಟಿ ಬೆಳೆದದ್ದು ಬೀದರ ಜಿಲ್ಲೆ, ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಲ್ಲಿ. ಅಲ್ಲಿ ಅಡಕೆಯೂ ಇಲ್ಲ, ಕಾಫಿಯೂ ಇಲ್ಲ. ತೊಗರಿ, ಜೋಳ, ಉದ್ದು ಬೆಳೆಯುವ ನೆಲ. ನಮ್ಮ ತಂದೆಯವರಿಗೆ 55ನೆಯ ವಯಸ್ಸಿನಲ್ಲಿ, ಅಂದರೆ 2009ರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಅದಕ್ಕೆ ಮೊದಲು ಒಂದೂವರೆ ವರ್ಷ ಮಲದಲ್ಲಿ ರಕ್ತ ಹೋಗುತ್ತಿತ್ತು. ಅವರು ಅದನ್ನು ಮೂಲವ್ಯಾಧಿಯೆಂದೇ ಭಾವಿಸಿ, ಸಂತೆಯಲ್ಲಿ ಸಿಕ್ಕಿದ ಬೇರು ನಾರು ತೇದು ಕುಡಿದು ಕಾಲ ತಳ್ಳಿದರು. ತಿಳಿಯುವಾಗ ರೋಗ ಯಕೃತ್ತಿಗೆ ಹರಡಿತ್ತು. ಮರುವರ್ಷದ ಮುಂಗಾರು ಅವರು ನೋಡಲಿಲ್ಲ.

2024ರ ಜನವರಿಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಊರಿಗೆ ಹೋಗಿದ್ದಾಗ, ನಮ್ಮ ಕಾಕಾ ಸೊರಗಿದಂತೆ ಕಂಡರು. ಕಾಕಿಯವರು ಒಳಗೆ ಕರೆದು, ಎಂಟು ತಿಂಗಳಿಂದ ರಕ್ತ ಹೋಗುತ್ತಿದೆಯೆಂದು ಮೆಲ್ಲನೆ ಹೇಳಿದರು. ನಾನು ಕೇಳಿದಾಗ ಕಾಕಾ ನಕ್ಕುಬಿಟ್ಟರು.

“ಏ ತಮ್ಮಾ, ಇದು ಮೂಲವ್ಯಾಧಿ ಅದ. ಖಾರ ಬಿಟ್ರ ತಾನ ನಿಲ್ತದ.”

“ಅಪ್ಪಾ ಭೀ ಹಿಂಗೇ ಅಂದಿದ್ರು, ಕಾಕಾ,” ಎಂದೆ.

ಅವರು ಮತ್ತೆ ಮಾತನಾಡಲಿಲ್ಲ. ಮರುವಾರ ಹುಮನಾಬಾದಿಗೆ ಹೋಗಿ ಹೈದರಾಬಾದಿನ ಬಸ್ಸು ಹತ್ತಿದೆವು.

ಅಲ್ಲಿನ ವೈದ್ಯರು ಮೊದಲು ಸಾಮಾನ್ಯ ಕೊಲೊನೊಸ್ಕೊಪಿ ಮಾಡಿದರು. ಎಂದರೆ, ತುದಿಯಲ್ಲಿ ಬೆಳಕೂ ಕ್ಯಾಮರವೂ ಇರುವ ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಕ್ಕೆ ಕಳುಹಿಸಿ ಕರುಳನ್ನು ನೋಡುವುದು. ಆದರೆ ಹಿಂದೆ ಎಂದೋ ಆದ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಿಂದ ಕಾಕಾ ಅವರ ಕರುಳು ಒಳಗೆ ಅಂಟಿಕೊಂಡು ಒಂದು ಕಡೆ ತೀರ ಬಾಗಿತ್ತು. ಕೊಳವೆ ಅರ್ಧದಾರಿಗೆ ನಿಂತಿತು. ಉಳಿದ ಭಾಗವನ್ನು ನೋಡುವುದಕ್ಕೆ ವೈದ್ಯರು ಸೂಚಿಸಿದ್ದೇ ಈ ವರ್ಚುವಲ್ ಕೊಲೊನೊಸ್ಕೊಪಿ.

ಈ ಪರೀಕ್ಷೆ ಎಂದರೇನು?

ಇದಕ್ಕೆ ಸಿ.ಟಿ. ಕೊಲೊನೋಗ್ರಫಿ ಎಂಬ ಇನ್ನೊಂದು ಹೆಸರುಂಟು. ಸಿ.ಟಿ. ಯಂತ್ರವು ಕ್ಷ-ಕಿರಣಗಳಿಂದ ಶರೀರದ ತೆಳುವಾದ ಅಡ್ಡಸೀಳುಗಳ ಚಿತ್ರ ತೆಗೆಯುತ್ತದೆ. ಈ ಯಂತ್ರವನ್ನು ಸಾಧ್ಯವಾಗಿಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಎಂಬಿಬ್ಬರಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೊಟ್ಟೆಯ ಇಂಥ ನೂರಾರು ಚಿತ್ರಗಳನ್ನು ಕಂಪ್ಯೂಟರ್ ಒಂದರ ಪಕ್ಕಕ್ಕೊಂದು ಜೋಡಿಸಿ, ವೈದ್ಯರು ಕರುಳಿನ ಒಳಗೇ ನಡೆದುಹೋಗುತ್ತಿರುವರೋ ಎಂಬಂತೆ ಪರದೆಯ ಮೇಲೆ ತೋರಿಸುತ್ತದೆ. ಅಮೆರಿಕದ ಕ್ಷ-ಕಿರಣ ತಜ್ಞ ಡೇವಿಡ್ ವೈನಿಂಗ್ 1994ರಲ್ಲಿ ಈ ವಿಧಾನವನ್ನು ಮೊದಲು ಜಗತ್ತಿನ ಮುಂದಿಟ್ಟರು.

ನಮ್ಮ ದೊಡ್ಡ ಕರುಳು ಸುಮಾರು ಐದು ಅಡಿ ಉದ್ದ. ಅದರ ಒಳಗೋಡೆಯಲ್ಲಿ ಕೆಲವರಿಗೆ ಅಣಬೆಯಂತೆಯೋ ನರುಲಿಯಂತೆಯೋ ಸಣ್ಣ ಗಂಟುಗಳು ಹುಟ್ಟುತ್ತವೆ. ಇವಕ್ಕೆ ಪಾಲಿಪ್ ಎನ್ನುತ್ತಾರೆ. ಹೆಚ್ಚಿನವು ನಿರುಪದ್ರವಿ. ಕೆಲವು ಮಾತ್ರ ಸಾಮಾನ್ಯವಾಗಿ ಹತ್ತು ವರ್ಷದಷ್ಟು ನಿಧಾನವಾಗಿ ಬೆಳೆದು ಕ್ಯಾನ್ಸರ್ ಆಗುತ್ತವೆ. ಈ ಹತ್ತು ವರ್ಷವೇ ನಮಗಿರುವ ಅವಕಾಶ. ಗಂಟಾಗಿರುವಾಗಲೇ ಕಂಡುಹಿಡಿದು ತೆಗೆದರೆ ಆ ಗಂಟಿನಿಂದ ಕ್ಯಾನ್ಸರ್ ಬರುವ ಮಾತೇ ಇಲ್ಲ.

ಇದು ಯಾರಿಗೆ ಹೊಂದುತ್ತದೆ?

ಮುಖ್ಯವಾಗಿ, ನಮ್ಮ ಕಾಕಾ ಅವರಂತೆ ಸಾಮಾನ್ಯ ಕೊಲೊನೊಸ್ಕೊಪಿ ಪೂರ್ತಿಯಾಗದವರಿಗೆ. ಎರಡನೆಯದಾಗಿ, ವಯಸ್ಸಿನಿಂದಲೋ, ಹೃದಯ ಶ್ವಾಸಕೋಶದ ತೊಂದರೆಯಿಂದಲೋ ಮತ್ತು ಬರಿಸುವ ಔಷಧ ಕೊಡುವುದು ಕಷ್ಟವೆನಿಸುವವರಿಗೆ. ಮೂರನೆಯದಾಗಿ, ಯಾವ ತೊಂದರೆಯೂ ಇಲ್ಲದೆ ಮುಂಜಾಗ್ರತೆಗಾಗಿ ನೋಡಿಸಿಕೊಳ್ಳುವವರಿಗೆ. ಅಮೆರಿಕದಲ್ಲಿ 45 ವರ್ಷ ದಾಟಿದ ಎಲ್ಲರಿಗೂ ಯಾವುದಾದರೊಂದು ಕರುಳ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತಾರೆ. ನಮ್ಮ ದೇಶದಲ್ಲಿ ಈ ರೋಗ ಅಲ್ಲಿಯಷ್ಟು ಹೆಚ್ಚಿಲ್ಲ. ಸರಕಾರದ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗಷ್ಟೇ ಇದೆ, ಕರುಳಿಗಿಲ್ಲ. ಆದುದರಿಂದ ಇಲ್ಲಿ ನಮ್ಮ ಎಚ್ಚರ ನಮ್ಮದೇ.

ಗರ್ಭಿಣಿಯರಿಗೆ ಈ ಪರೀಕ್ಷೆ ಮಾಡುವುದಿಲ್ಲ. ಗರ್ಭದ ಸಂಶಯವಿದ್ದರೂ ಮೊದಲೇ ಹೇಳತಕ್ಕದ್ದು. ಕರುಳಿನಲ್ಲಿ ತೀವ್ರ ಊತ, ನೋವು, ಜ್ವರ ಇರುವಾಗಲೂ, ಕರುಳಿನ ಶಸ್ತ್ರಚಿಕಿತ್ಸೆ ಆದ ಹೊಸತರಲ್ಲಿಯೂ ಮುಂದೂಡುತ್ತಾರೆ.

ಮುನ್ನಾದಿನಗಳ ಸಿದ್ಧತೆ

ಪರೀಕ್ಷೆಗಿಂತ ಇದೇ ಕಷ್ಟ ಎಂಬುದು ಮಾಡಿಸಿಕೊಂಡವರೆಲ್ಲರ ಮಾತು. ಕರುಳಿನಲ್ಲಿ ಮಲ ಉಳಿದಿದ್ದರೆ ಅದೇ ಗಂಟಿನಂತೆ ಕಾಣಬಹುದು, ಇಲ್ಲವೇ ನಿಜವಾದ ಗಂಟನ್ನು ಮುಚ್ಚಿಬಿಡಬಹುದು. ಆದುದರಿಂದ ಕರುಳು ತೊಳೆದ ಪಾತ್ರೆಯಂತೆ ಇರಬೇಕು. ಆಸ್ಪತ್ರೆಯಿಂದ ಆಸ್ಪತ್ರೆಗೆ ಕ್ರಮ ಸ್ವಲ್ಪ ಬೇರೆಯಾಗುತ್ತದೆ. ಅವರು ಕೊಟ್ಟ ಚೀಟಿಯೇ ಕೊನೆಯ ಮಾತು. ಸಾಮಾನ್ಯ ಕ್ರಮ ಹೀಗಿದೆ:

1. ಎರಡು ಮೂರು ದಿನ ಮೊದಲಿನಿಂದ ನಾರು ಕಡಿಮೆಯಿರುವ ಊಟ. ನಮ್ಮ ಕಡೆಯ ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹಿಂಡಿ, ಎಳ್ಳು ಇವೆಲ್ಲ ನಿಲ್ಲಬೇಕು. ಸೊಪ್ಪು, ಸಿಪ್ಪೆ ಬೀಜಗಳುಳ್ಳ ಹಣ್ಣು ತರಕಾರಿ ಬೇಡ. ಬಿಳಿ ಅನ್ನ, ಮೊಸರು, ಇಡ್ಲಿ ಆಗಬಹುದು. “ರೊಟ್ಟಿ ಇಲ್ದ ಹೊಟ್ಟಿ ತುಂಬಂಗಿಲ್ಲ” ಎಂದು ಕಾಕಾ ಎರಡು ದಿನವೂ ಗೊಣಗಿದರು.

2. ಹಿಂದಿನ ದಿನ ಬರೀ ತಿಳಿಯಾದ ದ್ರವ. ಎಳನೀರು, ಸೋಸಿದ ಬೇಳೆಕಟ್ಟು, ಸಕ್ಕರೆ ನೀರು, ನಿಂಬೆ ಶರಬತ್ತು. ಕಾಫಿ ಬೆಳೆಗಾರರಿಗೆ ಸಮಾಧಾನದ ಸಂಗತಿಯೆಂದರೆ ಹಾಲು ಹಾಕದ ಕಪ್ಪು ಕಾಫಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೆಂಪು ಬಣ್ಣದ ಪಾನೀಯ ಬೇಡ.

3. ಭೇದಿಯ ಔಷಧ. ಪುಡಿಯನ್ನು ಒಂದೆರಡು ಲೀಟರ್ ನೀರಿನಲ್ಲಿ ಕಲಸಿ, ಗ್ಲಾಸು ಗ್ಲಾಸಾಗಿ ಹೇಳಿದ ಹೊತ್ತಿನೊಳಗೆ ಕುಡಿಯಬೇಕು. ರುಚಿ ಉಪ್ಪುಪ್ಪು. ತಣ್ಣಗೆ ಮಾಡಿಕೊಂಡರೆ ಇಳಿಯುತ್ತದೆ. ಕೊನೆಕೊನೆಗೆ ಮಲದ ಬದಲು ತಿಳಿಯಾದ ನೀರಷ್ಟೇ ಹೋಗಬೇಕು.

4. ಗುರುತು ಹಚ್ಚುವ ಔಷಧ. ಬೇರಿಯಂ ಅಥವಾ ಅಯೋಡಿನ್ ಇರುವ ಒಂದು ದ್ರವವನ್ನು ಕುಡಿಯಲು ಕೊಡುತ್ತಾರೆ. ಕರುಳಿನಲ್ಲಿ ಚೂರುಪಾರು ಮಲವೋ ನೀರೋ ಉಳಿದಿದ್ದರೆ ಅದು ಚಿತ್ರದಲ್ಲಿ ಬೆಳ್ಳಗೆ ಹೊಳೆದು ಬೇರೆಯಾಗಿ ಕಾಣುತ್ತದೆ. ಅಯೋಡಿನ್ ಆಗದವರು, ಥೈರಾಯ್ಡ್ ತೊಂದರೆಯವರು ಮೊದಲೇ ತಿಳಿಸಬೇಕು.

ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಮಾತ್ರೆ, ಇನ್‌ಸುಲಿನ್ ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿಯೇ ಮುಂದುವರಿಯತಕ್ಕದ್ದು. ಮೂತ್ರಪಿಂಡದ ಕಾಯಿಲೆಯವರಿಗೆ ಎಲ್ಲ ಭೇದಿ ಔಷಧಗಳೂ ಆಗುವುದಿಲ್ಲ. ಅಂಗಡಿಯಲ್ಲಿ ಕೇಳಿ ತಂದು ಕುಡಿಯುವ ಸಾಹಸ ಬೇಡ.

ಹಳ್ಳಿಯವರಿಗೆ ಒಂದು ವ್ಯಾವಹಾರಿಕ ಸಲಹೆ: ಭೇದಿ ಔಷಧ ಕುಡಿದ ರಾತ್ರಿ ಶೌಚಾಲಯ ಹತ್ತು ಹೆಜ್ಜೆಯಲ್ಲಿರಬೇಕು. ಮುಡಬಿಯಲ್ಲಿ ಔಷಧ ಕುಡಿದು ಬೆಳಗಿನ ಬಸ್ಸಿಗೆ ಹೊರಡುತ್ತೇವೆಂದರೆ ಆಗದ ಮಾತು. ಹಿಂದಿನ ದಿನವೇ ಪಟ್ಟಣ ಸೇರಿ ಆಸ್ಪತ್ರೆಯ ಹತ್ತಿರ ತಂಗುವುದು ಲೇಸು. ವಯಸ್ಸಾದವರ ಜೊತೆಗೆ ಒಬ್ಬರು ಇರಲೇಬೇಕು. ನೀರು ಹೋಗಿ ಹೋಗಿ ರಾತ್ರಿ ಎದ್ದಾಗ ತಲೆ ಸುತ್ತುವುದುಂಟು.

ಪರೀಕ್ಷೆಯ ಕೋಣೆಯಲ್ಲಿ

ಕೋಣೆಯೊಳಗೆ ಕಾಣುವುದು ನಿಲ್ಲಿಸಿಟ್ಟ ಭಾರಿ ಉದ್ದಿನವಡೆಯಂಥ ಒಂದು ಯಂತ್ರ, ಅದರ ತೂತಿನೊಳಗೆ ಜಾರಿ ಹೋಗಿಬರುವ ಒಂದು ಹಲಗೆ. ಯಂತ್ರದ ಎರಡೂ ಕಡೆ ತೆರೆದೇ ಇರುವುದರಿಂದ ಉಸಿರುಕಟ್ಟುವ ಭಯವಿಲ್ಲ. ಆಸ್ಪತ್ರೆಯ ಉಡುಪು ತೊಡಿಸಿ, ಎಡಮಗ್ಗುಲಿಗೆ ಮಲಗಿಸುತ್ತಾರೆ. ಬಳಿಕ ಕಿರುಬೆರಳಿಗಿಂತ ತೆಳ್ಳಗಿನ ಮೆತ್ತನೆಯ ನಳಿಕೆಯೊಂದನ್ನು ಎರಡು ಮೂರು ಅಂಗುಲದಷ್ಟು ಮಾತ್ರ ಗುದದ್ವಾರದೊಳಗೆ ಸೇರಿಸುತ್ತಾರೆ. ಉದ್ದ ಕೊಳವೆ ಒಳಗೆ ಹೋಗುವುದಿಲ್ಲವೆಂಬುದೇ ಈ ಪರೀಕ್ಷೆಯ ವಿಶೇಷ.

ನಳಿಕೆಯ ಮೂಲಕ ಗಾಳಿಯನ್ನೋ ಇಂಗಾಲದ ಡೈಆಕ್ಸೈಡ್ ಅನಿಲವನ್ನೋ ತುಂಬುತ್ತಾರೆ. ಮುದುಡಿಕೊಂಡ ಕರುಳು ಉಬ್ಬಿದರೆ ಮಾತ್ರ ಒಳಗೋಡೆ ಕಾಣುವುದು. ಆಗ ಹೊಟ್ಟೆ ಬಿಗಿದಂತೆ, ವಾಯು ತುಂಬಿದಂತೆ, ಈಗಲೇ ಶೌಚಕ್ಕೆ ಹೋಗಬೇಕೆಂಬಂತೆ ಆಗುತ್ತದೆ. ಇದು ಸಹಜ. ಕೆಲವೆಡೆ ಕರುಳಿನ ಹಿಡಿತ ಸಡಿಲಿಸುವ ಇಂಜೆಕ್ಷನ್ ಕೊಡುತ್ತಾರೆ. ನೋವು ತಡೆಯದಂತಾದರೆ ಹೇಳಬೇಕು. ಅವರು ಅನಿಲವನ್ನು ನಿಲ್ಲಿಸುತ್ತಾರೆ.

ಒಮ್ಮೆ ಅಂಗಾತ, ಒಮ್ಮೆ ಬೋರಲು ಮಲಗಿಸಿ ಚಿತ್ರ ತೆಗೆಯುತ್ತಾರೆ. ಎರಡು ಭಂಗಿ ಏಕೆಂದರೆ, ಉಳಿದ ನೀರು ಮಲ ಮಗ್ಗುಲು ಬದಲಿಸಿದಾಗ ಜಾಗ ಬದಲಿಸುತ್ತದೆ, ಗೋಡೆಗಂಟಿದ ಪಾಲಿಪ್ ಅಲ್ಲಿಯೇ ಇರುತ್ತದೆ. ಪ್ರತಿ ಸಲವೂ ಹತ್ತು ಹದಿನೈದು ಸೆಕೆಂಡು ಉಸಿರು ಬಿಗಿಹಿಡಿಯಲು ಹೇಳುತ್ತಾರೆ. ಒಟ್ಟು ಕೆಲಸ ಸುಮಾರು ಹದಿನೈದರಿಂದ ಇಪ್ಪತ್ತು ನಿಮಿಷ.

ಚಿತ್ರ ತೆಗೆಯುವಾಗ ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲವಾದರೂ ಗಾಜಿನ ಆಚೆಯಿಂದ ನೋಡುತ್ತಿರುತ್ತಾರೆ, ಮಾತು ಕೇಳಿಸುತ್ತದೆ. ನಾಚಿಕೆ ಎಲ್ಲರಿಗೂ ಇದ್ದದ್ದೇ. ಹೆಣ್ಣುಮಕ್ಕಳು, ನಳಿಕೆ ಹಾಕುವಾಗ ಮಹಿಳಾ ಸಿಬ್ಬಂದಿ ಬೇಕೆಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ.

ಕಾಕಾ ಹೊರಗೆ ಬಂದು ಹೇಳಿದ್ದಿಷ್ಟು: “ಹೊಟ್ಟಿ ಡೋಲಿನಂಗ ಆಗಿತ್ತು ನೋಡು. ಮತ್ತೇನಿಲ್ಲ.”

ಮುಗಿದ ಮೇಲೆ

ಮತ್ತಿನ ಔಷಧ ಕೊಡುವುದಿಲ್ಲವಾದುದರಿಂದ ಸ್ವಲ್ಪ ಹೊತ್ತಿಗೆ ಎದ್ದು ಮನೆಗೆ ಹೋಗಬಹುದು, ಊಟ ಮಾಡಬಹುದು, ಮರುದಿನ ಹೊಲ ತೋಟಗಳ ಕೆಲಸಕ್ಕೂ ಇಳಿಯಬಹುದು. ಒಂದೆರಡು ತಾಸು ಹೊಟ್ಟೆ ಹಿಂಡಿದಂತಾಗಿ ವಾಯು ಹೋಗುತ್ತದೆ. ನಡೆದಾಡಿದರೆ ಬೇಗ ಶಮನ. ಇಂಜೆಕ್ಷನ್ ಕೊಟ್ಟಿದ್ದರೆ ಕೆಲವರಿಗೆ ಕಣ್ಣು ಮಂಜಾಗುತ್ತದೆ. ಅದು ಹೋಗುವವರೆಗೆ ವಾಹನ ಓಡಿಸಬಾರದು. ಹೊಟ್ಟೆನೋವು ಇಳಿಯದೆ ಏರುತ್ತಿದ್ದರೆ, ಜ್ವರ ಬಂದರೆ, ಹೊಟ್ಟೆ ಕಲ್ಲಿನಂತೆ ಬಿಗಿದರೆ ತಡಮಾಡದೆ ಆಸ್ಪತ್ರೆಗೆ ಮರಳಬೇಕು. ಕರುಳು ತೂತಾಗುವುದು ಬಲು ಅಪರೂಪ, ಆದರೆ ಇಲ್ಲವೇ ಇಲ್ಲವೆಂದಲ್ಲ.

ವರದಿಯಲ್ಲಿ ಏನಿರುತ್ತದೆ?

ನೂರಾರು ಚಿತ್ರಗಳನ್ನು ತಜ್ಞರು ಕುಳಿತು ನೋಡಬೇಕಾದುದರಿಂದ ವರದಿ ಬರಲು ಒಂದೆರಡು ದಿನ ಬೇಕಾಗಬಹುದು. ಗಂಟುಗಳನ್ನು ಅಳತೆಯ ಮೇಲೆ ವಿಂಗಡಿಸುತ್ತಾರೆ. 6 ಮಿಲಿಮೀಟರಿಗಿಂತ ಚಿಕ್ಕವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 6ರಿಂದ 9 ಮಿಲಿಮೀಟರಿನ ಒಂದೆರಡು ಗಂಟುಗಳಿದ್ದರೆ ತೆಗೆಸುವುದು, ಇಲ್ಲವೇ ಮೂರು ವರ್ಷದೊಳಗೆ ಮತ್ತೆ ನೋಡುವುದು. 10 ಮಿಲಿಮೀಟರ್ ಮತ್ತು ಅದಕ್ಕೂ ದೊಡ್ಡದಾದರೆ ಕೊಲೊನೊಸ್ಕೊಪಿಯಿಂದ ತೆಗೆಯಿಸಲೇಬೇಕು. ಏನೂ ಇಲ್ಲದ ಸಾಮಾನ್ಯರು ಐದು ವರ್ಷದ ಮೇಲೆ ಮತ್ತೆ ಮಾಡಿಸಿಕೊಂಡರೆ ಸಾಕು.

ಕರುಳಿನ ಹೊರಗಿನ ಅಂಗಗಳೂ ಚಿತ್ರದಲ್ಲಿ ಬೀಳುತ್ತವೆ. ಕಾಕಾ ಅವರ ಪಿತ್ತಕೋಶದಲ್ಲಿ ಒಂದು ಕಲ್ಲು ಕಂಡಿತು. ತೊಂದರೆ ಕೊಡದಿರುವುದರಿಂದ ಬಿಟ್ಟುಬಿಡಿ ಎಂದರು. ಇಂಥ ಸಂಗತಿಗಳು ಒಮ್ಮೊಮ್ಮೆ ಉಪಕಾರ, ಒಮ್ಮೊಮ್ಮೆ ಸುಮ್ಮನೆ ಚಿಂತೆ ಮತ್ತು ಇನ್ನೊಂದು ಪರೀಕ್ಷೆಯ ಖರ್ಚು.

ಇದರ ಮಿತಿಗಳು

ಮೊದಲನೆಯದು, ಇದು ನೋಡುವ ಪರೀಕ್ಷೆ, ತೆಗೆಯುವ ಚಿಕಿತ್ಸೆಯಲ್ಲ. ಗಂಟು ಕಂಡರೆ ಮತ್ತೆ ಸಾಮಾನ್ಯ ಕೊಲೊನೊಸ್ಕೊಪಿಗೇ ಹೋಗಬೇಕು. ಕರುಳು ತೊಳೆಯುವ ಕಷ್ಟ ಇನ್ನೊಮ್ಮೆ ಬರಬಹುದು. ಎರಡನೆಯದು, 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, 10 ಮಿಲಿಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಗಂಟುಗಳುಳ್ಳವರಲ್ಲಿ ನೂರಕ್ಕೆ 90 ಮಂದಿಯನ್ನು ಈ ಪರೀಕ್ಷೆ ಗುರುತಿಸಿತು. ಹಾಗೆಂದರೆ ಹತ್ತು ಮಂದಿಯನ್ನು ಬಿಟ್ಟಿತು. ಸಣ್ಣ ಗಂಟು, ಚಪ್ಪಟೆ ಗಂಟು ತಪ್ಪುವ ಸಂಭವ ಇನ್ನೂ ಹೆಚ್ಚು. ಮೂರನೆಯದು, ಕ್ಷ-ಕಿರಣದ ಸೋಂಕು. ಕಡಿಮೆ ಪ್ರಮಾಣದಲ್ಲಿಯೇ ಮಾಡುತ್ತಾರೆ. ಮನುಷ್ಯ ಒಂದೆರಡು ವರ್ಷದಲ್ಲಿ ನೆಲ, ಆಕಾಶಗಳಿಂದ ಸಹಜವಾಗಿ ಪಡೆಯುವಷ್ಟು ಎನ್ನಬಹುದು. ವಯಸ್ಸಾದವರಿಗೆ ಇದರಿಂದಾಗುವ ಅಪಾಯ ಅತ್ಯಲ್ಪ. ಆದರೂ ಕಾರಣವಿಲ್ಲದೆ ಮೇಲಿಂದ ಮೇಲೆ ಮಾಡಿಸತಕ್ಕದ್ದಲ್ಲ.

ಆದುದರಿಂದ ರಕ್ತ ಹೋಗುತ್ತಿರುವವರಿಗೂ, ಮನೆತನದಲ್ಲಿ ಈ ರೋಗವಿದ್ದವರಿಗೂ ಸಾಮಾನ್ಯ ಕೊಲೊನೊಸ್ಕೊಪಿಯೇ ಮೊದಲ ಆಯ್ಕೆ. ಅದು ಆಗದಾಗ ಇದು.

ಎಲ್ಲಿ, ಎಷ್ಟು?

ಸಿ.ಟಿ. ಯಂತ್ರ ಇದ್ದಲ್ಲೆಲ್ಲ ಈ ಪರೀಕ್ಷೆ ಮಾಡುತ್ತಾರೆಂದು ತಿಳಿಯಬಾರದು. ಇದಕ್ಕೆ ಬೇಕಾದ ಕಂಪ್ಯೂಟರ್ ವ್ಯವಸ್ಥೆ, ಚಿತ್ರ ಓದಲು ಪಳಗಿದ ತಜ್ಞರು ಎರಡೂ ಬೇಕು. ಹೊರಡುವ ಮೊದಲು ಪರೀಕ್ಷೆಯ ಹೆಸರು ಹೇಳಿ ವಿಚಾರಿಸಿ. ಬೀದರ ಭಾಗದವರು ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲು ತೋರಿಸಿ ಸಲಹೆ ಪಡೆಯಬಹುದು. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, 2022-23ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗೆ. ಪರೀಕ್ಷೆಯೊಂದಕ್ಕೇ ಹಣ ದೊರೆಯುವುದೋ ಎಂಬುದನ್ನು ಆಸ್ಪತ್ರೆಯ ಯೋಜನಾ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಾಕಾ ಏನಾದರು?

ಓದುಗರು ಕೇಳದೆ ಇರಲಾರರು. ರಕ್ತ ಹೋಗುತ್ತಿದ್ದದ್ದು ಮೂಲವ್ಯಾಧಿಯಿಂದಲೇ. ಕಾಕಾ ಹೇಳಿದ್ದೇ ನಿಜವಾಯಿತು. ಆದರೆ ಕರುಳಿನ ಬಲಭಾಗದಲ್ಲಿ, ಮೊದಲ ಸಲ ಕೊಳವೆ ತಲುಪದಿದ್ದ ಕಡೆ, 12 ಮಿಲಿಮೀಟರಿನ ಒಂದು ಗಂಟು ಕುಳಿತಿತ್ತು. ಅದು ಒಂದು ಹನಿ ರಕ್ತವನ್ನೂ ತೋರಿಸಿರಲಿಲ್ಲ, ಒಂದು ದಿನ ನೋಯಿಸಿರಲಿಲ್ಲ. ಎಲ್ಲಿದೆ ಎಂಬುದು ತಿಳಿದ ಮೇಲೆ, ನುರಿತ ವೈದ್ಯರೊಬ್ಬರು ಮತ್ತು ಕೊಟ್ಟು ಇನ್ನೂ ತೆಳುವಾದ ಕೊಳವೆಯಿಂದ ಅಲ್ಲಿಗೆ ತಲುಪಿ ಅದನ್ನು ತೆಗೆದರು. ಪ್ರಯೋಗಶಾಲೆಯ ವರದಿ ಬಂತು: ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಆಗಬಹುದಾಗಿದ್ದ ಜಾತಿಯದು. ಕಾಕಾ ಈಗ ಮೂಲವ್ಯಾಧಿಗೂ ಚಿಕಿತ್ಸೆ ಪಡೆದು ಗುಣವಾಗಿದ್ದಾರೆ. ಹೊಲಕ್ಕೆ ಹೋಗುತ್ತಾರೆ. ಮತ್ತೆ ಯಾವಾಗ ಬಂದು ತೋರಿಸಬೇಕೆಂಬ ದಿನವನ್ನು ಕಾಕಿಯವರು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ.

ಬಂಧುಗಳೇ, ಮಲದಲ್ಲಿ ರಕ್ತ, ತಿಂಗಳುಗಟ್ಟಲೆ ಬದಲಾದ ಶೌಚದ ರೂಢಿ, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ಮೂಲವ್ಯಾಧಿಯೆಂದು ನಾವೇ ತೀರ್ಪು ಕೊಡುವುದು ಬೇಡ. ಮೂಲವ್ಯಾಧಿಯೇ ಇರಬಹುದು. ಹೆಚ್ಚಿನ ಸಲ ಹಾಗೆಯೇ ಇರುತ್ತದೆ. ಅದನ್ನು ವೈದ್ಯರು ನೋಡಿ ಹೇಳಲಿ.

ಇನ್ನೊಂದು ಮಾತನ್ನು ಬರೆಯದೆ ಮುಗಿಸಿದರೆ ನಾನು ಪ್ರಾಮಾಣಿಕನಾಗಲಾರೆ. ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ಈ ರೋಗ ಬಂದಿದ್ದರೆ 40ನೆಯ ವಯಸ್ಸಿಗೇ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ, ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹೈದರಾಬಾದಿನ ವೈದ್ಯರು ನನ್ನನ್ನು ನೋಡಿಯೇ ಹೇಳಿದರು. ನನಗೆ ಆಗಲೇ 46 ದಾಟಿತ್ತು. ಕಾಫಿ ಕೊಯ್ಲು ಮುಗಿಯಲಿ ಎಂದೆ, ಆಮೇಲೆ ಮಳೆಗಾಲ ಕಳೆಯಲಿ ಎಂದೆ. ಕಾಕಾ ಮುಡಬಿಯಿಂದ ಫೋನು ಮಾಡಿ, “ತಮ್ಮಾ, ನನಗ ಹೇಳಿದ ಮಾತು ನಿನಗ ಲಾಗೂ ಆಗಂಗಿಲ್ಲೇನು?” ಎಂದು ಕೇಳಿದರು. ಕೊಲೊನೊಸ್ಕೊಪಿಗೆ ದಿನ ಗೊತ್ತುಮಾಡಿಕೊಂಡಿದ್ದೇನೆ. ಈ ಸಂಚಿಕೆ ನಿಮ್ಮ ಕೈಸೇರುವ ವಾರ ನಾನು ಅನ್ನ ಮೊಸರಿನಲ್ಲಿರುತ್ತೇನೆ. ನಿಮ್ಮಲ್ಲಿ ಯಾರಾದರೂ ನನ್ನಂತೆ ಮುಂದೂಡುತ್ತಿದ್ದರೆ, ಇಂದೇ ವಿಚಾರಿಸಿರೆಂದು ಕೇಳಿಕೊಳ್ಳುತ್ತೇನೆ.